ಕಾಕಾ ಕೊಟ್ಟ ಕಪ್ಪು ರೂಪಾಯಿ

ಹುಣಸೆಹುಳಿಗೆ ಬೂದಿ ಸೇರಿದರೆ ಒಂದು ವಾಸನೆ ಏಳುತ್ತದಲ್ಲ, ಅದು ಇವತ್ತು ಬೆಳಿಗ್ಗೆ ನಮ್ಮ ಅಡುಗೆಮನೆಯಿಂದ ಬಂತು. ನಾಳೆ ದೀಪಾವಳಿ ಅಮಾವಾಸ್ಯೆ. ಸೊಸೆ ದೇವರ ಸಾಮಾನು ತಿಕ್ಕಲು ಕೂತಿದ್ದಳು. ನಾನು ಮೊಣಕಾಲು ನೋವಿನ ನೆಪ ಹೇಳಿ ಕುರ್ಚಿ ಹಿಡಿದಿದ್ದೆ. ನಿಮ್ಮ ಮುಂದೆ ಸುಳ್ಳು ಯಾಕೆ, ನೋವು ಅಷ್ಟೇನಿರಲಿಲ್ಲ. ಆ ವಾಸನೆ ಬಂದರೆ ನನಗೆ ಶರಣಪ್ಪ ಕಾಕಾ ನೆನಪಾಗುತ್ತಾರೆ, ಹಿಂದೆಯೇ ನಾಚಿಕೆಯೂ ಬರುತ್ತದೆ.

ಕಾಕಾ ನಮ್ಮಪ್ಪನ ಗೆಳೆಯ. ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ತೂಕದ ಗುಮಾಸ್ತರು. ದಿನವಿಡೀ ಭತ್ತದ ಧೂಳಿನಲ್ಲಿ ನಿಂತು ಮನೆಗೆ ಬಂದವರು ಕೈ ತೊಳೆದು, ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡು, ಬಿಸ್ಕೀಟಿನ ಹಳೇ ಡಬ್ಬಿ ತೆಗೆಯುತ್ತಿದ್ದರು. ಅದರಲ್ಲಿ ಅವರು ಕೂಡಿಸಿದ ಹಳೇ ನಾಣ್ಯಗಳು, ಒಂದೊಂದಕ್ಕೆ ಒಂದೊಂದು ಕಾಗದದ ಲಕೋಟೆ. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯುತ್ತಿದ್ದರು. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಅದರ ಮೇಲಿನ ಉರ್ದು ಅಕ್ಷರಗಳನ್ನು ಕೂಡಿಸಿ ಓದಿ ಹೇಳುವಾಗ, ಕಾಲೇಜು ಮೆಟ್ಟಿಲು ಹತ್ತಿದ ನಾನು ಬಾಯಿ ತೆರೆದು ಕೇಳುತ್ತಿದ್ದೆ.

ಆ ಡಬ್ಬಿಗೆಲ್ಲ ದೊಡ್ಡದು ನಿಜಾಮನ ಕಾಲದ ಒಂದು ಬೆಳ್ಳಿ ರೂಪಾಯಿ. ಚಾರ್‌ಮಿನಾರ್ ಇದ್ದದ್ದು, ರೊಟ್ಟಿ ಹಂಚಿನಷ್ಟು ಕರ್ರಗಿನದು. ಹಮಾಲಿ ಮಾಡುತ್ತಿದ್ದ ಅವರಪ್ಪ ಮೊದಲು ದುಡಿದ ರೂಪಾಯಿಯಂತೆ, ಹಸಿದಾಗಲೂ ಮುರಿಸಿರಲಿಲ್ಲವಂತೆ. ಹೈದರಾಬಾದಿನ ಸಂಗ್ರಾಹಕರೊಬ್ಬರು ಎರಡು ಸಲ ಬಂದು ಕೇಳಿದರೂ ಕಾಕಾ ಕೊಟ್ಟಿರಲಿಲ್ಲ. ಅಂಥದ್ದನ್ನು ನಾನು ಕೇಳಿದ ಕೂಡಲೇ ಕೊಟ್ಟರು. ನಾನಾಗ ರಾಯಚೂರಿನಲ್ಲಿ ಹೊಸ ಟೀಚರು, ಶಾಲೆಯಲ್ಲಿ ಹಳೇ ವಸ್ತುಗಳ ಪ್ರದರ್ಶನವಿತ್ತು.

ಇನ್ನು ನನ್ನ ಪ್ರತಾಪ ಕೇಳಿ. ನಾನು ದೇವದುರ್ಗದಲ್ಲಿ ಬೆಳೆದವಳು. ನಮ್ಮ ಮನೆಯಲ್ಲಿ ಅಮಾವಾಸ್ಯೆಯ ಹಿಂದಿನ ದಿನ ಲಕ್ಷ್ಮಿ ಪೂಜೆಯ ರೂಪಾಯಿಗಳನ್ನು ಹುಳಿ, ಬೂದಿ ಹಚ್ಚಿ ತಿಕ್ಕುವುದು ಹೆಣ್ಣುಮಕ್ಕಳ ಪಾಲಿನ ಕೆಲಸ. ಕಪ್ಪು ರೂಪಾಯಿ ಇಟ್ಟರೆ ಲಕ್ಷ್ಮಿ ಹೊಸ್ತಿಲಿಂದಲೇ ಹೊಳ್ಳಿ ಹೋಗುತ್ತಾಳೆಂದು ಅವ್ವ ಹೆದರಿಸಿದ್ದಳು. ಅಂದಿನಿಂದ ಕಪ್ಪು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಕಾಕಾರ ರೂಪಾಯಿಯನ್ನು ಹಾಗೆಯೇ ಮಕ್ಕಳ ಮುಂದಿಡುವುದೇ? ಬಚ್ಚಲ ಕಲ್ಲಿನ ಮೇಲೆ ಕೂತು ಗಸಗಸ ತಿಕ್ಕಿದೆ. ಸಂದಿಯ ಕಪ್ಪು ಬಿಡದಿದ್ದಾಗ ಬ್ರಷ್ ತಂದು ಉಜ್ಜಿದೆ. ಮಿನಾರುಗಳು ಫಳಫಳ ಹೊಳೆದವು. ಕಾಕಾ ಎಷ್ಟು ಖುಷಿಪಡುತ್ತಾರೋ ಎಂದು ಬೀಗಿದೆ.

ಮರುದಿನ ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಾನ್ವಿಯಿಂದ ಪ್ರದರ್ಶನಕ್ಕೆ ಬಂದರು. ಮೇಜಿನ ಮುಂದೆ ನಿಂತು, ರೂಪಾಯಿಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಪಕ್ಕದಲ್ಲಿದ್ದ ಹೆಡ್‌ಮಾಸ್ತರರು, "ಏನ್ ಹೊಳಪ್ರೀ ಇದು, ನಿನ್ನಿ ಮಾಡಿದಂಗದ" ಅಂದರು.

ಕಾಕಾ ನನ್ನ ಮುಖ ನೋಡಿದರು. "ಹೌದ್ರೀ. ನಮ್ಮ ಮಗಳು ಭಾಳ ಕಾಳಜಿಲೇ ತಿಕ್ಕ್ಯಾಳ" ಅಂದರು.

ಅವರ ದನಿ ಸರಿಯಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ನಾನೇ ಕೇಳಿದೆ, "ಏನರ ತಪ್ಪಾತೇನ್ರಿ ಕಾಕಾ?"

"ಆ ಕಪ್ಪು ಹೊಲಸಲ್ಲ ಯವ್ವಾ. ಬೆಳ್ಳಿ ಗಾಳಿಗೆ ತಾನ ಕಟ್ಟಿಕೊಂಡಿದ್ದು, ಭಾಳ ವರ್ಷ ಹಿಡೀತದ. ತಿಕ್ಕಿದ್ರ ಗೀರು ಬೀಳ್ತಾವ, ಅಕ್ಷರ ಸವೀತಾವ. ಬಲ್ಲವರು ಅಂಥಾದನ್ನ ಬೆಳ್ಳಿ ತೂಕಕ್ಕ ಅಷ್ಟ ತಗೋತಾರ."

"ಮತ್ತ ಹೈದರಾಬಾದಿನವರು?"

"ಇನ್ನ ಬರಂಗಿಲ್ಲ ಬಿಡು. ಅವರಿಗಿ ಚಾ ಮಾಡೂದು ತಪ್ಪಿತು."

ನಾನು ಅಲ್ಲೇ ಮಂದಿಯ ನಡುವೆ ಅತ್ತುಬಿಟ್ಟೆ. ಅವರಪ್ಪ ಹಸಿದು ಉಳಿಸಿದ್ದನ್ನು ನಾನು ಅರ್ಧ ತಾಸಿನಲ್ಲಿ ಕೆಡಿಸಿದ್ದೆ. ಕಾಕಾ ಲಕೋಟೆಯನ್ನು ನನ್ನ ಕೈಗೇ ಇಟ್ಟರು.

"ನೀ ಬೆಳ್ಳಗ ಮಾಡಿದಿ, ನೀನ ಕರ್ರಗ ಮಾಡು."

"ಹೆಂಗ್ರೀ?"

"ಏನೂ ಮಾಡಬ್ಯಾಡ. ನಿನ್ನ ಕೈಗಿ ಅದ ಕಠಿಣ."

ಇಂಥ ಮನುಷ್ಯ ನಿಮಗೆ ಎಲ್ಲಿ ಸಿಗುತ್ತಾರೆ ಹೇಳಿ. ಮರುವರ್ಷದ ಪ್ರದರ್ಶನಕ್ಕೆ ನಾನು ಕೇಳುವ ಧೈರ್ಯ ಮಾಡಿರಲಿಲ್ಲ, ಅವರೇ ಇಡೀ ಡಬ್ಬಿ ತಂದು ನನ್ನ ಕೈಗೆ ಕೊಟ್ಟು ಗಿರಣಿಗೆ ಹೋದರು. ಒಂದು ಎಚ್ಚರಿಕೆಯ ಮಾತನ್ನೂ ಹೇಳಲಿಲ್ಲ. ಸಿಕ್ಕಾಗಲೆಲ್ಲ ಕೇಳುತ್ತಿದ್ದದ್ದು ಒಂದೇ, "ಕರ್ರಗಾತೇನವ್ವಾ?" ಬೆಳ್ಳಿ-ಬಂಗಾರದ ಕೆಲಸದ ಪತ್ತಾರರ ಹತ್ತಿರ ಔಷಧಿ ಹಾಕಿಸಿ ಕಪ್ಪು ಮಾಡಿಸಲೇ ಎಂದು ಒಮ್ಮೆ ಕೇಳಿದ್ದಕ್ಕೆ, "ಅದಕ್ಕಿಂತ ನೀ ತಿಕ್ಕಿದ್ದ ಛಲೋ" ಅಂದಿದ್ದರು. ಕೊನೆಗೆ ಹಾಸಿಗೆ ಹಿಡಿದಾಗಲೂ ಕೇಳಿದರು. ಅಂಚಿಗೆ ಸ್ವಲ್ಪ ಹಳದಿ ಬಂದಿದೆ ಅಂದೆ. "ಆಗ್ತದ, ಅವಸರ ಏನದ" ಅಂದರು. ಅವರು ಹೋಗಿ ಆರು ವರ್ಷವಾಯಿತು.

"ಅತ್ತೀ," ಸೊಸೆ ಒಳಗಿನಿಂದ ಕೂಗಿದಳು, "ಕಪಾಟಿನ್ಯಾಗ ಲಕೋಟಿಯೊಳಗ ಒಂದು ರೂಪಾಯಿ ಸಿಕ್ತು. ಭಾಳ ಕರ್ರಗಾಗ್ಯದ. ತಿಕ್ಕಲೇನ್ರಿ?"

ಮೊಣಕಾಲು ಮರೆತು ಓಡಿದೆ. ಹುಳಿ ಮೆತ್ತಿದ ಅವಳ ಕೈ ಇನ್ನೇನು ತಾಗುವುದರಲ್ಲಿತ್ತು, ಕಸಿದುಕೊಂಡೆ. ಅಂಚಿನಲ್ಲಿ ಹಿಡಿದು ಬಾಗಿಲ ಬೆಳಕಿಗೆ ಒಡ್ಡಿದೆ. ನನ್ನ ಬ್ರಷ್ಷಿನ ಗೀರುಗಳು ಹಾಗೇ ಇದ್ದವು, ಹೋದ ಬೆಲೆ ಬರುವುದಿಲ್ಲ. ಆದರೆ ನಾಲ್ಕೂ ಮಿನಾರುಗಳ ಸಂದಿಯಲ್ಲಿ ಕಪ್ಪು ಬಂದು ಕೂತಿತ್ತು.

"ನಾಳಿ ಪೂಜಿಗಿ ಇದನ್ನ ಹಿಂಗ ಇಡು" ಅಂದೆ.

"ಕರ್ರಗಿಂದಾ? ಲಕ್ಷ್ಮಿ ಹೊಳ್ಳಿ ಹೋದ್ರ?"

ಅವಳಿಗೆ ಆಮೇಲೆ ಹೇಳಿದರಾಯಿತು. ಮೊದಲು ಹೇಳಬೇಕಾದವರು ಬೇರೆ ಇದ್ದರು. ಮಾನ್ವಿಯ ದಿಕ್ಕಿಗೆ ತಿರುಗಿ, ಸೊಸೆ ನೋಡುತ್ತಿದ್ದರೂ ಲೆಕ್ಕಿಸದೆ, ಹೇಳಿದೆ: "ಕರ್ರಗಾಗ್ಯದ್ರೀ ಕಾಕಾ."