ಮೀಟರ್ ಬೊಂಗ್‌ಸಾಮಣ್ಣನ ಬಿಸಿ ಚಾಪೆಗಳು

ನಮ್ಮ ಕಣಿವೆಯಲ್ಲಿ ತಾಕ್ ಬೊಂಗ್‌ಸಾಮ್ ಯಾರೆಂದು ಕೇಳಿದರೆ ಜನ ಸ್ವಲ್ಪ ಹೊತ್ತು ತಲೆ ಕೆರೆದುಕೊಳ್ಳುತ್ತಾರೆ. ಮೀಟರ್ ಬೊಂಗ್‌ಸಾಮ್ ಎಂದರೆ ಸಾಕು, ನಾಯಿಗಳೂ ಬಾಲ ಅಲ್ಲಾಡಿಸುತ್ತವೆ. ಮೂವತ್ತೊಂದು ವರ್ಷ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿದವನು ಅವನು. ಯಾರ ಮನೆಗೆ ಹೊಸ ಫ್ರಿಜ್ ಬಂತು, ಯಾರ ಅಳಿಯ ಬಂದು ವಾರಗಟ್ಟಲೆ ಟೀವಿ ಮುಂದೆ ಬಿದ್ದುಕೊಂಡಿದ್ದ, ಎಲ್ಲವೂ ಆ ಗಾಜಿನ ಹಿಂದೆ ತಿರುಗುವ ಚಕ್ರದಿಂದಲೇ ಅವನಿಗೆ ತಿಳಿಯುತ್ತಿತ್ತು. ಊರಿನವರ ಕರೆಂಟು ನೋಡಿ ನೋಡಿ ತನ್ನ ಮನೆಯಲ್ಲಿ ಮಾತ್ರ ಕೈ ಬಿಗಿಹಿಡಿದ. ಜನವರಿಯ ಹಿಮದಲ್ಲೂ ಅವನ ಮನೆ ಬೆಚ್ಚಗಿಡುವ ಬಾಯ್ಲರ್ ಹದಿನೈದು ಡಿಗ್ರಿ ದಾಟುತ್ತಿರಲಿಲ್ಲ. ಹೆಂಡತಿ ಹ್ವಾಜಾ ಅಕ್ಕ ಮನೆಯೊಳಗೂ ದಪ್ಪ ಕೋಟು ತೊಟ್ಟು ಓಡಾಡುತ್ತಿದ್ದಳು.

"ನಮ್ಮನೆ ಚಳಿ ಕಿಮ್ಚಿ ಉಪ್ಪಿನಕಾಯಿಗೆ ಬಹಳ ಒಳ್ಳೇದು ಕಣೇ," ಎಂದು ನನ್ನ ಸಲೂನಿನಲ್ಲಿ ಕೂತು ನಗುತ್ತಿದ್ದಳು. "ಹುಳಿ ಬರೋದೇ ಇಲ್ಲ."

ನನ್ನದು ಬಸ್ ನಿಲ್ಲುವ ಕಡೆ ಇರುವ ಹೆಂಗಸರ ಸಲೂನು. ಎರಡು ಕುರ್ಚಿ, ಒಂದು ಒಲೆ, ಒಂದು ದೊಡ್ಡ ಕೆಟಲು. ಊರಿನ ಸುದ್ದಿಯೆಲ್ಲ ಗುಂಗುರು ಕೂದಲಿನ ಜೊತೆಗೇ ಇಲ್ಲಿ ಸುತ್ತಿಕೊಳ್ಳುತ್ತದೆ. ಹಾಗಾಗಿ ಈ ಕತೆಯಲ್ಲಿ ನಾನು ಕಣ್ಣಾರೆ ನೋಡದ ಭಾಗವೂ ನನಗೆ ಚೆನ್ನಾಗಿ ಗೊತ್ತು.

ಬೊಂಗ್‌ಸಾಮಣ್ಣ ನಿವೃತ್ತನಾದ ವರ್ಷ ನವೆಂಬರಿನಲ್ಲಿ ಅವನ ಮಗಳು ಯೊಂಜು ಒಂದು ಆಮೆ ತಂದುಬಿಟ್ಟಳು. ಅವಳು ದೇಗು ನಗರದ ಪ್ರಾಣಿಗಳ ಆಸ್ಪತ್ರೆಯಲ್ಲಿ ನರ್ಸು. ಯಾರೋ ಅದನ್ನು ರಟ್ಟಿನ ಡಬ್ಬಿಯಲ್ಲಿ ಹಾಕಿ ಆಸ್ಪತ್ರೆಯ ಬಾಗಿಲಲ್ಲಿ ಬಿಟ್ಟುಹೋಗಿದ್ದರಂತೆ. ನೋಡಲು ಆಲೂಗಡ್ಡೆಯ ಹಾಗೆ ಇದ್ದದ್ದರಿಂದ ಆಲೂಗಡ್ಡೆ ಎಂಬ ಅರ್ಥದ 'ಕಾಮ್ಜಾ' ಎಂದೇ ಹೆಸರಿಟ್ಟಿದ್ದಳು. ಮಗಳು ಹೋದ ನಾಲ್ಕನೇ ದಿನ ಕಾಮ್ಜಾ ಕೈಕಾಲು ಎಳೆದುಕೊಂಡು ಕಲ್ಲಾಗಿ ಕೂತಿತು. ತಟ್ಟಿದರೂ ಇಲ್ಲ, ಕರೆದರೂ ಇಲ್ಲ. ಬೊಂಗ್‌ಸಾಮಣ್ಣ ಗುದ್ದಲಿ ಹಿಡಿದು ಅಂಗಳದ ಹಣ್ಣಿನ ಮರದ ಕೆಳಗೆ ಗುಂಡಿ ತೋಡಿದ. ಹೂಳುವ ಮೊದಲು ಮಗಳಿಗೊಂದು ಮಾತು ಹೇಳೋಣವೆಂದು ಫೋನು ಮಾಡಿದ.

"ಅಪ್ಪಾ, ಹೂಳಬೇಡಿ!" ಯೊಂಜು ಕಿರುಚಿದ್ದು ಅಂಗಳದ ಆಚೆಗೂ ಕೇಳಿತಂತೆ. "ಅದು ಸತ್ತಿಲ್ಲ, ಅದಕ್ಕೆ ಚಳಿ! ನಿಮ್ಮನೇಲಿ ಯಾರಿಗಾದ್ರೂ ಹಾಗೇ ಆಗತ್ತೆ!"

ಮರುದಿನವೇ ಅವನು ಪೇಟೆಗೆ ಹೋಗಿ ಒಂದು ಕರೆಂಟ್ ಚಾಪೆ, ಅದರ ಜೊತೆಗೆ ಗೋಡೆಗೆ ಸಿಕ್ಕಿಸುವ ಥರ್ಮೋಸ್ಟಾಟ್ ಡಬ್ಬಿ ತಂದ. ಡಬ್ಬಿಯಿಂದ ಒಂದು ತೆಳ್ಳಗಿನ ವೈರು, ಅದರ ತುದಿಗೆ ಶಾಖ ಅಳೆಯುವ ಕಡ್ಡಿ. ಕಡ್ಡಿಗೆ ಚಳಿಯೆನಿಸಿದರೆ ಚಾಪೆ ಕಾಯುತ್ತದೆ, ಸಾಕೆನಿಸಿದರೆ ತಾನೇ ಆರುತ್ತದೆ. ಮೂವತ್ತು ಡಿಗ್ರಿಗೆ ಇಟ್ಟ ಅರ್ಧ ದಿನದಲ್ಲಿ ಕಾಮ್ಜಾ ಕತ್ತು ಹೊರಗೆ ಹಾಕಿ ಅವನ ಮುಖ ನೋಡಿತು. ಆ ನೋಟಕ್ಕೆ ಮನುಷ್ಯ ಕರಗಿಹೋದ. ಬೇಕಾದಷ್ಟೇ ಕರೆಂಟು, ಒಂದು ಹನಿ ಹೆಚ್ಚಿಲ್ಲ! ಇಂಥ ಯಂತ್ರಕ್ಕೆಂದೇ ಅವನು ಜೀವಮಾನವಿಡೀ ಕಾದಿದ್ದ ಹಾಗಿತ್ತು. ತಿಂಗಳೊಳಗೆ ಕೋಳಿಮರಿಗಳಿಗೊಂದು ಚಾಪೆ ಬಂತು, ಹುದುಗಲಿಟ್ಟ ಸೋಯಾ ಉಂಡೆಗಳಿಗೊಂದು ಬಂತು, ಕೊನೆಗೆ ಮುದಿ ಬೆಕ್ಕಿಗೂ ಬಂತು.

"ಆಮೆಗೆ ಮೂವತ್ತು, ಕೋಳಿಮರಿಗೆ ಮೂವತ್ತೈದು, ಬೆಕ್ಕಿಗೆ ಇಪ್ಪತ್ತೆಂಟು," ಎಂದು ಹ್ವಾಜಾ ಅಕ್ಕ ನನ್ನ ಮುಂದೆ ಬೆರಳು ಮಡಿಸಿದಳು. "ನನಗೆ ಹದಿನೈದು. ಮುಂದಿನ ಜನ್ಮ ಅಂತಿದ್ರೆ ಅವರ ಮನೆ ಆಮೆಯಾಗೇ ಹುಟ್ತೀನಿ ನೋಡು."

ಫೆಬ್ರವರಿ ಬಂದಾಗ ಬೊಂಗ್‌ಸಾಮಣ್ಣ ಊರಿನ ವಯಸ್ಸಾದವರೆಲ್ಲ ಸೇರುವ ಹಿರಿಯರ ಮನೆಗೆ ಹೋಗಿ ಎದ್ದುನಿಂತು ಒಂದು ಭಾಷಣ ಮಾಡಿದ. ನಮ್ಮದು ಮೆಣಸಿನಕಾಯಿಯ ಊರು. ಚಳಿಗಾಲದಲ್ಲೇ ಬೀಜ ಹಾಕಿ ಸಸಿ ಎಬ್ಬಿಸಬೇಕು, ಇಲ್ಲದಿದ್ದರೆ ಮೇ ತಿಂಗಳಿಗೆ ನಾಟಿಗೆ ಸಿಗುವುದಿಲ್ಲ. ಅದುವರೆಗೆ ಹೆಂಗಸರು ನೆನೆಸಿದ ಬೀಜವನ್ನು ಬಟ್ಟೆಯಲ್ಲಿ ಕಟ್ಟಿ, ಅಡಿಯಿಂದ ಕಾಯಿಸಿದ ಮನೆಯ ಬೆಚ್ಚನೆಯ ನೆಲದ ಮೇಲೆ ಹೊದಿಕೆಯಡಿ ಇಟ್ಟು, ಗಳಿಗೆಗೊಮ್ಮೆ ಮುಟ್ಟಿ ನೋಡುತ್ತಿದ್ದರು.

"ಈ ಸಲ ಮೆಣಸಿನಕಾಯಿ ಹಾಕೋ ಏಳೂ ಮನೆಯ ಬೀಜ ನನಗೆ ಕೊಡಿ," ಎಂದ. "ಇಪ್ಪತ್ತೆಂಟು ಡಿಗ್ರಿ. ಕಾಲು ಡಿಗ್ರಿ ಆಚೀಚೆ ಆಗಲ್ಲ."

"ಏ ಬೊಂಗ್‌ಸಾಮ್, ಬೀಜಕ್ಕೆ ಮನುಷ್ಯರ ಕೈ ಬೇಡ್ವೇನೋ?" ಎಂದಳು ಪಿಲ್ನ್ಯೊ ಅಜ್ಜಿ. ಎಂಬತ್ತೊಂದರ ಮುದುಕಿ, ಊರಿನ ಮೆಣಸಿನ ತೋಟಕ್ಕೆಲ್ಲ ಗುರು.

"ಅಜ್ಜಿ, ಕೈ ಸುಳ್ಳು ಹೇಳತ್ತೆ. ನಂಬರ್ ಹೇಳಲ್ಲ."

ಏಳು ಮನೆಯವರೂ ಕೊಟ್ಟರು. ಮೀಟರ್ ಓದುವಾಗ ಒಂದೇ ಒಂದು ಅಂಕಿ ತಪ್ಪಿಸದವನ ಮಾತು ಹೇಗೆ ತೆಗೆದುಹಾಕುವುದು? ಅವನ ಉಗ್ರಾಣದಲ್ಲಿ ನಾಲ್ಕು ದೊಡ್ಡ ಚಾಪೆ ಹಾಸಿ, ಮೇಲೆ ಇಪ್ಪತ್ತನಾಲ್ಕು ತಟ್ಟೆ ಜೋಡಿಸಿ, ಎಲ್ಲಕ್ಕೂ ಒಂದೇ ಡಬ್ಬಿ ಕಟ್ಟಿದ. ಕಡ್ಡಿಯನ್ನು ಮೊದಲನೆಯ ತಟ್ಟೆಯ ಮಣ್ಣಿಗೆ ಚುಚ್ಚಿದ. ನಿಜ ಹೇಳಬೇಕೆಂದರೆ ಮೊಳಕೆ ಸೊಗಸಾಗಿ ಬಂತು. ತಿಂಗಳ ಕೊನೆಗೆ ಎಲ್ಲಕ್ಕೂ ಎರಡೆರಡು ಎಲೆ. ಪಿಲ್ನ್ಯೊ ಅಜ್ಜಿಯೂ ಬಂದು ನೋಡಿ, "ಹುಂ," ಅಂದಳು. ಅವಳ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿಲ್ಲ.

ಹ್ವಾಜಾ ಅಕ್ಕನಿಗೆ ಆ ಚಳಿಗಾಲ ಸೊಂಟ ನೋವು ಜಾಸ್ತಿಯಾಗಿತ್ತು. ಮಧ್ಯಾಹ್ನ ಗಂಡ ಚದುರಂಗ ಆಡಲು ಹಿರಿಯರ ಮನೆಗೆ ಹೋಗುವುದನ್ನೇ ಕಾಯುವಳು. ಅವನು ತಿರುವು ದಾಟುತ್ತಲೇ ಉಗ್ರಾಣಕ್ಕೆ ಹೋಗಿ ಮೊದಲನೆಯ ಚಾಪೆಯ ಆರು ತಟ್ಟೆಗಳನ್ನು ಮೆಲ್ಲಗೆ ಪಕ್ಕಕ್ಕಿಟ್ಟು, ಕಡ್ಡಿ ಮುರಿಯದಿರಲೆಂದು ಅದನ್ನು ಗೋಡೆಯ ಮೊಳೆಗೆ ನೇತುಹಾಕಿ, ಅರ್ಧ ಗಂಟೆ ಅಂಗಾತ ಮಲಗುವಳು. "ಆಹಾ, ಸೊಂಟ ಬೆಣ್ಣೆ ಆಗ್ತಿತ್ತು ಕಣೇ," ಎಂದು ಆಮೇಲೆ ನನಗೆ ಹೇಳಿದಳು. ಎದ್ದ ಮೇಲೆ ಎಲ್ಲವನ್ನೂ ಇದ್ದ ಹಾಗೇ ಇಡುವಳು. ಹನ್ನೊಂದು ದಿನ ಹೀಗೇ ನಡೆಯಿತು.

ಹನ್ನೆರಡನೆಯ ದಿನ ಅವಳಿಗೆ ಫೋನು ಮಾಡಿದವಳು ನಾನೇ. "ಅಕ್ಕಾ, ಕೂದಲು ಗುಂಗುರು ಮಾಡಿಸೋಕೆ, ಪರ್ಮ್‌ಗೆ, ಮೂರು ಗಂಟೆಗೆ ಬರ್ತೀನಿ ಅಂತ ನೀನೇ ಅಂದಿದ್ದೆ. ಔಷಧಿ ಕಲಸಿಟ್ಟು ಕೂತಿದ್ದೀನಿ, ಎಲ್ಲಿದ್ದೀಯ?" ಅವಳು ದಡಬಡ ಎದ್ದು, ತಟ್ಟೆಗಳನ್ನು ಜೋಡಿಸಿ ಓಡಿಬಂದಳು. ಕಡ್ಡಿ ಮೊಳೆಯಲ್ಲೇ ಉಳಿಯಿತು. ಸಲೂನಿನಿಂದ ಹಾಗೇ ತಂಗಿಯ ಮನೆಗೆ ಹೋಗಿ ಉಳಿದಳು. ಮರುದಿನ ಅಲ್ಲಿ ತಂಗಿಯ ಮಾವನ ತಿಥಿ.

ಸಂಜೆ ಬೊಂಗ್‌ಸಾಮಣ್ಣ ಉಗ್ರಾಣಕ್ಕೆ ಬಂದು ಡಬ್ಬಿ ನೋಡಿದ. ಒಂಬತ್ತು ಡಿಗ್ರಿ! ಅದು ಗೋಡೆಯ ಬದಿಯ ಗಾಳಿಯ ಲೆಕ್ಕವೆಂದು ಅವನಿಗೆ ಹೊಳೆಯಲಿಲ್ಲ. ಹೊರಗೆ ಗಾಳಿ ಬೇರೆ ಬೀಸುತ್ತಿತ್ತು. ಅಯ್ಯೋ, ಮಕ್ಕಳು ನಡುಗುತ್ತಿವೆ ಎಂದುಕೊಂಡು ಮನೆಯಲ್ಲಿದ್ದ ಎಲ್ಲ ಕಂಬಳಿಗಳನ್ನೂ ತಂದು ತಟ್ಟೆಗಳಿಗೆ ಹೊದಿಸಿದ. ಮಣ್ಣಿಗೆ ಮಾತ್ರ ಒಂದು ಬೆರಳೂ ಮುಟ್ಟಿಸಲಿಲ್ಲ.

ಬೆಳಿಗ್ಗೆ ಕಂಬಳಿ ಎತ್ತಿದರೆ ಅನ್ನದ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ. ಏಳು ಮನೆಯ ಸಸಿಗಳೂ ಬಾಡಿಸಿದ ಸೊಪ್ಪಾಗಿ ಮಲಗಿದ್ದವು. ತಲೆ ಎತ್ತಿದರೆ, ಮೊಳೆಯಲ್ಲಿ ಕಡ್ಡಿ ತೂಗುತ್ತಿತ್ತು.

ಜನ ಬಂದು ನೋಡಿದರು. ಯಾರೂ ಬೈಯಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು. ಪಿಲ್ನ್ಯೊ ಅಜ್ಜಿ ಒಂದು ಸಸಿ ಎತ್ತಿ ಮೂಸಿ, "ಎಳ್ಳೆಣ್ಣೆ, ಉಪ್ಪು ಹಾಕು. ಊಟಕ್ಕೆ ಬರ್ತೀವಿ," ಎಂದಳು.

"ನಾನೇ ನೀರು ಹಾಕುವಾಗ ತೆಗೆದು ನೇತುಹಾಕಿರ್ಬೇಕು," ಎಂದ ಬೊಂಗ್‌ಸಾಮಣ್ಣ. "ನೆನಪೇ ಇಲ್ಲ. ಒಂಚೂರೂ ನೆನಪಿಲ್ಲ."

ಅವನು ಏಳೂ ಮನೆಗೆ ಹೋಗಿ ಸೊಂಟ ಬಗ್ಗಿಸಿ ಕ್ಷಮೆ ಕೇಳಿದ, ಹೊಸ ಬೀಜ ತಂದುಕೊಟ್ಟ. ಹ್ವಾಜಾ ಅಕ್ಕ ತಿಥಿ ಮುಗಿಸಿ ಬಂದು ವಿಷಯ ತಿಳಿದು ಬೆಚ್ಚಿಬಿದ್ದಳು. ಬಾಯಿ ಬಿಡಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತ ಐದು ದಿನ ಕಳೆದವು. ಗಂಡ ಈಚೀಚೆಗೆ ಒಂದು ಚೀಟಿ ಹಿಡಿದು ಗುಣುಗುಣು ಅನ್ನುತ್ತಿದ್ದ, ಬಾಗಿಲು ಹಾಕಿದೆಯೋ ಎಂದು ಮೂರು ಸಲ ನೋಡುತ್ತಿದ್ದ. ಯಂತ್ರ ಕೆಟ್ಟ ದುಃಖವೆಂದು ಅವಳು ತಿಳಿದಿದ್ದಳು.

ಆರನೆಯ ದಿನ ಅವಳು ನನ್ನ ಕುರ್ಚಿಯಲ್ಲಿ ಕೂತಿದ್ದಳು. ಅವತ್ತಿನ ಪರ್ಮ್ ಅವಸರದಲ್ಲಿ ಸರಿಯಾಗಿ ಕೂತಿರಲಿಲ್ಲ, ಮತ್ತೆ ಸುರುಳಿ ಸುತ್ತುತ್ತಿದ್ದೆ. ಪಕ್ಕದ ಕುರ್ಚಿಯಲ್ಲಿ ಪಿಲ್ನ್ಯೊ ಅಜ್ಜಿ. ಬೊಂಗ್‌ಸಾಮಣ್ಣ ಬಾಗಿಲು ತಳ್ಳಿಕೊಂಡು ಬಂದ. ಕೈಯಲ್ಲಿ ಒಂದು ಕಾಗದ, ಮುಖದಲ್ಲಿ ಶಾಲೆಯ ಬಹುಮಾನ ಗೆದ್ದವನ ಕಳೆ.

"ನೋಡೇ! ಮೂವತ್ತಕ್ಕೆ ಮೂವತ್ತು!"

"ಏನ್ರೀ ಅದು?"

"ಆರೋಗ್ಯ ಕೇಂದ್ರದಲ್ಲಿ ಮರೆವಿನ ಪರೀಕ್ಷೆ. ನೂರರಿಂದ ಏಳೇಳು ಕಳೀತಾ ಹೋಗಿ ಅಂದ್ರು. ಮೀಟರ್ ಓದ್ದೋನಿಗಾ? ಎರಡಕ್ಕೆ ಬಂದು ನಿಂತೆ, ಆ ಹುಡುಗಿ ಸಾಕು ಸಾಕು ಅಂದ್ಲು." ನಂತರ ಅವನ ದನಿ ಇಳಿಯಿತು. "ನಿನಗೆ ಹೇಳಿರ್ಲಿಲ್ಲ. ಆ ಕಡ್ಡಿ ತೆಗೆದದ್ದು ನೆನಪೇ ಬರ್ತಿಲ್ವಲ್ಲ, ಅದಕ್ಕೇ... ನಮ್ಮಪ್ಪನಿಗೂ ಹೀಗೇ ಶುರುವಾಗಿತ್ತು. ಒಂದು ವಾರದಿಂದ ನಿದ್ದೆ ಇಲ್ಲ, ಚೀಟಿ ಬರ್ಕೊಂಡು ನೆನಪಿದೆಯಾ ಅಂತ ಬಾಯಿಪಾಠ ಮಾಡ್ತಿದ್ದೆ."

ಹ್ವಾಜಾ ಅಕ್ಕನ ತಲೆ ನನ್ನ ಕೈಯಲ್ಲಿತ್ತು. ಅರ್ಧ ಸುತ್ತಿದ ಸುರುಳಿಯ ಸಮೇತ ಅವಳು ಗಂಡನ ಕಡೆ ತಿರುಗಿದಳು.

"ರೀ, ತೆಗೆದದ್ದು ನೀವಲ್ಲ," ಎಂದಳು. "ನಾನು. ತಟ್ಟೆ ಸರಿಸಿ ಚಾಪೆ ಮೇಲೆ ಮಲಗ್ತಿದ್ದೆ. ದಿನಾ. ಸೊಂಟ ನೋಯ್ತಿತ್ತು."

ನಾನು, "ಅಣ್ಣಾ, ಅವತ್ತು ಅವಸರ ಮಾಡಿ ಕರೆದದ್ದು ನಾನು," ಎಂದು ನನ್ನ ಪಾಲನ್ನೂ ಒಪ್ಪಿಸಿದೆ.

"ಯಾಕೆ ಹೇಳ್ಲಿಲ್ಲ?" ಎಂದ ಅವನು ಹೆಂಡತಿಗೆ.

"ಏನಂತ ಹೇಳ್ಲಿ? ಮೆಣಸಿನ ಸಸಿ ಜಾಗದಲ್ಲಿ ಮಲಗೋಕೆ ಅಪ್ಪಣೆ ಕೊಡಿ ಅಂತಲೇ?" ಅವಳ ಕಣ್ಣು ತುಂಬಿತ್ತು, ಆದರೂ ನಾಲಿಗೆ ಸುಮ್ಮನಿರಲಿಲ್ಲ. "ನೀವಾದ್ರೂ ಒಂದು ಸಲ ಮಣ್ಣು ಮುಟ್ಟಿ ನೋಡಬಾರದಿತ್ತಾ? ಬೇಯ್ತಿರೋದಕ್ಕೆ ಕಂಬಳಿ ಹೊದಿಸ್ತಾರಾ ಯಾರಾದ್ರೂ?"

ಪಿಲ್ನ್ಯೊ ಅಜ್ಜಿ ತಲೆಯ ಮೇಲಿನ ಸುರುಳಿಗಳ ಸಮೇತ ಕುಲುಕಿ ಕುಲುಕಿ ನಕ್ಕಳು. ಬೊಂಗ್‌ಸಾಮಣ್ಣ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು ಹೊರಟುಹೋದ.

ಕೂದಲು ಒಣಗುವವರೆಗೂ ಅಕ್ಕ ಬಾಡಿದ ಮುಖದಲ್ಲೇ ಕೂತಿದ್ದಳು. ಮನೆಗೆ ಹೋದರೆ ಗಂಡ ಮಲಗುವ ಕೋಣೆಯಲ್ಲಿ ಮಂಡಿಯೂರಿ, ಅವಳ ಹಾಸಿಗೆಯನ್ನು ಟೇಪು ಹಿಡಿದು ಅಳೆಯುತ್ತಿದ್ದ. ಪಕ್ಕದಲ್ಲಿ ಹೊಸ ಚಾಪೆ, ಹೊಸ ಡಬ್ಬಿ.

"ಎಷ್ಟು ಡಿಗ್ರಿ ಬೇಕು?" ಎಂದ, ತಲೆ ಎತ್ತದೆ.

"ಆಂ?"

"ಆಮೆಗೆ ಎಷ್ಟು ಅಂತ ಪುಸ್ತಕದಲ್ಲಿದೆ. ಸಸಿಗೆ ಬೀಜದ ಪೊಟ್ಟಣದ ಮೇಲಿದೆ. ನಿನಗೆ ಎಷ್ಟು ಅಂತ ಎಲ್ಲೂ ಬರೆದಿಲ್ವಲ್ಲ. ನೀನೇ ಹೇಳಬೇಕು."

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವನು ಆ ಪ್ರಶ್ನೆ ಕೇಳಿದ್ದು ಅದೇ ಮೊದಲಂತೆ. ಅವಳು ಎಷ್ಟು ಹೇಳಿದಳೋ ನನಗೆ ತಿಳಿಸಲಿಲ್ಲ. ಆದರೆ ಅದಾದ ಮೇಲೆ ಅವರ ಮನೆಗೆ ಹೋದರೆ ನಾನು ಕೋಟು ಬಿಚ್ಚುತ್ತೇನೆ.

ಎರಡನೆಯ ಬಿತ್ತನೆಗೆ ಏಳು ಮನೆಯ ಹೆಂಗಸರು ಸರದಿ ಹಾಕಿಕೊಂಡರು. ಡಬ್ಬಿ ಅದರ ಕೆಲಸ ಮಾಡಲಿ, ನಮ್ಮ ಕೆಲಸ ನಾವು ಮಾಡುತ್ತೇವೆ ಎಂದು ದಿನಕ್ಕೊಬ್ಬಳು ಬಂದು ಮಣ್ಣು ಮುಟ್ಟಿ ನೋಡಿ, ಒಂದು ಲೋಟ ಬಾರ್ಲಿ ಕಷಾಯ ಕುಡಿದು, ಬೊಂಗ್‌ಸಾಮಣ್ಣನನ್ನು ನಾಲ್ಕು ಮಾತು ಚುಡಾಯಿಸಿ ಹೋಗುತ್ತಿದ್ದಳು. ಸಸಿ ಹದಿನೆಂಟು ದಿನ ತಡವಾಯಿತು. ಕೊರತೆ ಬಿದ್ದದ್ದನ್ನು ಪೇಟೆಯ ನರ್ಸರಿಯಿಂದ ತಂದರು. ಆ ವರ್ಷದ ಬೆಳೆ ಹೇಳಿಕೊಳ್ಳುವಷ್ಟು ಜೋರಾಗಿರಲಿಲ್ಲ, ಅಳುವಷ್ಟು ಕಡಿಮೆಯೂ ಇರಲಿಲ್ಲ.

ನಾಟಿಯ ದಿನ ಬೊಂಗ್‌ಸಾಮಣ್ಣ ಏಳೂ ಮನೆಯ ಹೊಲದಲ್ಲಿ ಗುಣಿ ತೋಡಿದ. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಬದುವಿನ ಮೇಲೆ ಕೂತಾಗ ಪಿಲ್ನ್ಯೊ ಅಜ್ಜಿ ಅವನನ್ನು ಪಕ್ಕಕ್ಕೆ ಕರೆದಳು. ಯಾರಿಗೂ ಕೇಳಿಸಬಾರದೆಂದು ಪಿಸುಗುಟ್ಟಿದಳು, ಆದರೆ ಕಿವಿ ಮಂದವಾದ್ದರಿಂದ ಅವಳ ಪಿಸುಮಾತು ಇಡೀ ಹೊಲಕ್ಕೆ ಕೇಳಿಸಿತು.

"ಏ ಬೊಂಗ್‌ಸಾಮ್, ನಮ್ಮ ಮುದಿ ನಾಯಿಗೆ ಮಂಡಿ ನೋವು ಕಣೋ. ಅದಕ್ಕೂ ಒಂದು ಚಾಪೆ ತಂದುಕೊಡ್ತೀಯಾ?"

"ನಾಯಿ ಎಷ್ಟು ಉದ್ದ ಇದೆ ಅಜ್ಜಿ?"

"ನಾಯಿ ಸಣ್ಣದು," ಎಂದಳು ಅಜ್ಜಿ ತನ್ನ ಮಂಡಿ ನೀವಿಕೊಳ್ಳುತ್ತ. "ಚಾಪೆ ಮಾತ್ರ ಸ್ವಲ್ಪ ದೊಡ್ಡದೇ ತಾ."