ಮೊದಲು ಕೊಟ್ಟ ಕೆಲಸ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಬೀದರಿನ ನೌಬಾದದಲ್ಲಿ ಬಾಡಿಗೆ ಕೋಣೆ ಹಿಡಿದು, ದಿನಕ್ಕೆ ಒಂದೇ ಸಲ ಸ್ಟೋವ್ ಹಚ್ಚಿ ಓದಿದವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ನನ್ನ ದೊಡ್ಡ ಪ್ರಶ್ನೆ ಕಾಲೇಜಿನದಲ್ಲ. ಅದನ್ನು ನಾನು ಹತ್ತನೆಯ ವಯಸ್ಸಿನಲ್ಲಿಯೇ ಕೇಳಿದ್ದೆ: ದೇವರು ಮನುಷ್ಯನನ್ನು ಮಾಡಿದ್ದು ಯಾವ ಕೆಲಸಕ್ಕೆ?

ಕೇಳಲು ಕಾರಣವಿತ್ತು. ಔರಾದ ತಾಲೂಕಿನ ನಮ್ಮ ಹಳ್ಳಿಯಲ್ಲಿ ನಮ್ಮ ಓಣಿಯ ಗಂಡಸರು ಯಾವ ಕೆಲಸಕ್ಕೆ ಹುಟ್ಟಿದವರು ಎಂಬುದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಯಾರ ಕೊಟ್ಟಿಗೆಯಲ್ಲಿ ದನ ಸತ್ತರೂ ಇವರಿಗೆ ಕರೆ. ಹಗ್ಗ ಹಿಡಿದು ಹೋಗಬೇಕು, ಊರ ಹೊರಗೆ ಎಳೆದು ಹಾಕಬೇಕು, ಚರ್ಮ ಸುಲಿಯಬೇಕು. ಅಜ್ಜ ಮಾಡಿದ, ಅಪ್ಪ ಮಾಡಿದ. ಓಣಿ ಕ್ರೈಸ್ತರದಾಗಿ ಒಂದು ತಲೆಮಾರು ಕಳೆದರೂ ಕರೆ ನಿಂತಿರಲಿಲ್ಲ. ಮಳೆ ಕೈಕೊಟ್ಟ ಎರಡನೆಯ ವರ್ಷ ದನಗಳು ಒಂದರ ಹಿಂದೆ ಒಂದು ಸಾಯತೊಡಗಿದವು. ಆಗ ಗಂಡಸರೆಲ್ಲ ನಮ್ಮ ತಗಡಿನ ಚರ್ಚಿನಲ್ಲಿ ಎದ್ದು ನಿಂತು, ಇನ್ನು ಮೇಲೆ ಸತ್ತ ದನ ಎಳೆಯುವುದಿಲ್ಲ ಎಂದು ದೇವರ ಮುಂದೆ ಮಾತು ಕೊಟ್ಟರು. ಅಪ್ಪನೂ ಕೊಟ್ಟ.

ಭಾಲ್ಕಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಪಾಸ್ಟರು ಅಂದು ಮಾತಾಡಿದ್ದೂ ಅದರ ಮೇಲೆಯೇ. ದೇವರು ಮನುಷ್ಯನನ್ನು ತನ್ನ ಹೋಲಿಕೆಯಲ್ಲಿ ಮಾಡಿ, ನೆಲವನ್ನೂ ಪ್ರಾಣಿಗಳನ್ನೂ ಅವನ ಕೈಗೆ ಒಪ್ಪಿಸಿದ. ಮನುಷ್ಯ ಮಾತು ಮೀರಿದ. ಆಮೇಲೆ ನೆಲದಲ್ಲಿ ಮುಳ್ಳು ಬೆಳೆಯಿತು, ಮನುಷ್ಯ ಮನುಷ್ಯನನ್ನೇ ತುಳಿದ.

"ಮೊದಲ ಕೊಟ್ಟ ಕೆಲಸ ಏನು? ಕಾಯೂದು," ಎಂದರು ಪಾಸ್ಟರು. "ಅದನ್ನ ನಾವು ಕಳಕೊಂಡ್ವಿ. ಯೇಸುಸ್ವಾಮಿ ತನ್ನ ಜೀವಾ ಕೊಟ್ಟು ಅದನ್ನ ನಮಗ ತಿರುಗಿ ಕೊಡ್ಸ್ಯಾನ."

ನಾನು ಎದ್ದು ನಿಂತೆ. ಅವ್ವ ನನ್ನ ಲಂಗ ಹಿಡಿದು ಜಗ್ಗಿದಳು.

"ಪಾಸ್ಟರ್ ಸಾಬ್ರ, ದೇವರ ತ್ವಾಟದಾಗ ದನ ಸತ್ರ ಯಾರು ಎಳೀತಿದ್ರುರಿ?"

ಗಂಡಸರು ನಕ್ಕರು. ಪಾಸ್ಟರು ನಗಲಿಲ್ಲ. "ಅಲ್ಲಿ ಸಾವೇ ಇರ್ಲಿಲ್ಲವ್ವ."

"ಇಲ್ಲಿ ಸಾವು ಅದ ಅಲ್ಲರಿ. ನಮ್ಮಪ್ಪ ಎಳೀಲಿಲ್ಲಂದ್ರ ಯಾರು ಎಳೀಬೇಕು?"

"ಏ, ನಿನ್ನ ಮಗಳಿಗಿ ವಕೀಲಕಿ ಓದ್ಸಪ್ಪ," ಎಂದು ಅವರು ಅಪ್ಪನಿಗೆ ಹೇಳಿದರು. ನನಗೆ, "ಮುಂದಿನ ಐತಾರ ಹೇಳ್ತೇನಿ," ಎಂದರು.

ಮುಂದಿನ ಐತವಾರಕ್ಕೆ ನಾವು ಊರಲ್ಲಿ ಇರುವವರೇ ಅಲ್ಲ. ಗುರುವಾರ ಓಣಿಯ ಬಹಳಷ್ಟು ಮನೆಯವರು ಭಾಲ್ಕಿಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಡುವುದಿತ್ತು. ಅಪ್ಪನ ತಾಯಿ, ಮುದುಕಿ ಆಯಿ ಮಾತ್ರ ಮನೆಯಲ್ಲಿ ಉಳಿಯುವವಳು.

ಗುರುವಾರ ಬೆಳಿಗ್ಗೆ ಗಂಟು ಕಟ್ಟುತ್ತಿರುವಾಗ ಸಾವುಕಾರರ ಮನೆಯ ಆಳು ಬಾಗಿಲಿಗೆ ಬಂದ.

"ಕೆಂಪ ಆಕಳ ಬಿದ್ದು ಎರಡ್ ದಿನಾ ಆತು. ಇವತ್ತೇ ಹೋಗ್ತದಂತ. ನೀ ಊರ ಬಿಡೂದ್ರಾಗ ಬಂದು ಕೆಲಸ ಮುಗಿಸಿ ಹೋಗು ಅಂದಾರ. ಹಗ್ಗ ತಗೊಂಡ್ ಬಾ."

ಇನ್ನೂ ಸಾಯದ ದನಕ್ಕೆ ಕರೆ ಬಂದದ್ದು ಅದೇ ಮೊದಲು. ಎಳೆಯುವವರೆಲ್ಲ ಗುಳೆ ಹೋದರೆ ಗತಿಯೇನು ಎಂಬ ಚಿಂತೆ ಊರಿಗೆ ಹತ್ತಿತ್ತು.

"ಹೋಗಬ್ಯಾಡ್ರಿ. ದೇವರ ಮುಂದ ಮಾತ ಕೊಟ್ಟೀರಿ," ಎಂದಳು ಅವ್ವ.

"ಹೋಗ್ಲಿಲ್ಲಂದ್ರ ಆಯಿಗಿ ನೀರು ಯಾರು ಕೊಡ್ತಾರ?" ಎಂದ ಅಪ್ಪ. ಆ ಬೇಸಿಗೆ ನೀರಿದ್ದದ್ದು ಸಾವುಕಾರರ ಬಾವಿಯಲ್ಲಿ ಮಾತ್ರ. ಅಪ್ಪ ಗೂಟದ ಮೇಲಿನ ಹಗ್ಗ ತೆಗೆದುಕೊಂಡ. ಅವನು ಮಾತು ಮುರಿಯುತ್ತಾನೋ ಇಲ್ಲವೋ ನೋಡಬೇಕೆಂದು ನಾನೂ ಹಿಂದೆ ಹೋದೆ.

ಹಸು ಒಂದೇ ಮಗ್ಗುಲಿಗೆ ಬಿದ್ದಿತ್ತು. ನೊಣ ಕೂತರೆ ಕಿವಿ ಅಲ್ಲಾಡುತ್ತಿತ್ತು. ಸಾವುಕಾರರು ಹೊರಸಿನ ಮೇಲೆ ಕೂತಿದ್ದರು.

"ಬಂದ್ಯಾ? ಕೂಡು ಅಲ್ಲೇ. ಇನ್ನ ತಾಸ್ ಎರಡ್ ತಾಸಿನ ಮಾತು."

ಅಪ್ಪ ಕೂಡಲಿಲ್ಲ. ಹಸುವಿನ ಹಿಂದೆ ಬಗ್ಗಿ, ತೊಡೆಯ ಎಲುಬಿನಗುಂಟ ಕೈಯಾಡಿಸಿದ. "ಇದು ಸಾಯೂ ದನ ಅಲ್ಲರಿ. ಒಂದೇ ಮಗ್ಗಲಕ ಬಿದ್ದು ಕಾಲ ಜೋಮು ಹಿಡದಾವ."

"ಡಾಕ್ಟರ್ ಆದ್ಯೇನೋ ನೀ?"

"ಎಷ್ಟು ದನದ ಒಳಗ ನೋಡೀನ್ರಿ ನಾ. ಹೊರಗ ನಿಂತ್ರ ತಿಳೀಲಾರದೇನು?" ಅಪ್ಪ ಎದ್ದು ನಿಂತ. "ಸತ್ರ ಎಳ್ಯಾಂಗಿಲ್ಲರಿ, ಮಾತು ಕೊಟ್ಟೀನಿ. ಎಬ್ಬಿಸು ಅಂದ್ರ ಎಬ್ಬಿಸ್ತೇನಿ."

ಸಾವುಕಾರರ ಮುಖ ಕೆಂಪಾಯಿತು. ಹೊಸ್ತಿಲಲ್ಲಿ ಕೂತಿದ್ದ ಅವರ ತಾಯಿ, "ಮಾಡ್ಲಿ ಬಿಡೋ. ಎದ್ರ ನಿನಗೇನ್ ಲುಕ್ಸಾನು?" ಎಂದಳು.

ಅಪ್ಪ ಹಸುವನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿ, ಕುಸುಬಿ ಎಣ್ಣೆ ಬಿಸಿ ಮಾಡಿಸಿ ಕಾಲು ತಿಕ್ಕಿದ. ಗೋಣಿಚೀಲ ಮಡಚಿ ಎದೆಯ ಕೆಳಗೊಂದು, ಹೊಟ್ಟೆಯ ಕೆಳಗೊಂದು ತೂರಿಸಿ, ಹಗ್ಗದಿಂದ ಬಿಗಿದು, ಬೇವಿನ ಟೊಂಗೆಯ ಮೇಲೆ ಹಾಯಿಸಿದ. ಹಗ್ಗದ ತುದಿ ಆಳಿನ ಕೈಗೆ. ನಾನು ಜೋಳದ ಅಂಬಲಿಯನ್ನು ಹನಿಹನಿಯಾಗಿ ಬಾಯಿಗೆ ಬಿಡಬೇಕು. ಮೊದಲ ಸಲ ಹಸು ಅರ್ಧ ಎದ್ದು ಕುಸಿಯಿತು. ಅಷ್ಟರಲ್ಲಿ ಓಣಿಯವರು ಗಂಟು ಹೊತ್ತು ಅದೇ ದಾರಿಯಲ್ಲಿ ಬಂದರು.

"ಆಕಳಿಗಿ ಜೋಕಾಲಿ ಕಟ್ಟೀಯೇನೋ? ಬಾರೋ, ಬಸ್ಸು ತಪ್ತದ!"

ಅಪ್ಪ ತಿರುಗಿ ನೋಡಲಿಲ್ಲ. ಬಸ್ಸು ಹೋದ ಸದ್ದು ಕೇಳಿಸಿತು. ಮೂರನೆಯ ಸಲ ಹಸು ನಾಲ್ಕೂ ಕಾಲು ನಡುಗಿಸುತ್ತ ನಿಂತಿತು. ಸಾವುಕಾರರೂ ಹೊರಸಿನಿಂದ ಎದ್ದು ನಿಂತರು.

ಇನ್ನೂ ನಾಲ್ಕು ದಿನ ಬೆಳಿಗ್ಗೆ ಸಂಜೆ ಎಬ್ಬಿಸಬೇಕಾಗಿತ್ತು. ಹೀಗಾಗಿ ಐತವಾರ ನಾವು ಊರಲ್ಲೇ ಇದ್ದೆವು. ಹೋದ ವಾರದ ಪ್ರಶ್ನೆಗೆ ಉತ್ತರ ಹೇಳಿ ಎಂದು ನಾನು ಪಾಸ್ಟರನ್ನು ಬಿಡಲಿಲ್ಲ. ಅವರಿಗೆ ಸುದ್ದಿ ಮುಟ್ಟಿತ್ತು. "ನನಗ ಗೊತ್ತಿಲ್ಲವ್ವ, ನಿಮ್ಮಪ್ಪಗ ಕೇಳು," ಎಂದುಬಿಟ್ಟರು.

ದಾರಿಯಲ್ಲಿ ಅಪ್ಪನನ್ನು ಕೇಳಿದೆ.

"ಯಾರ ದನ ಸಾಯ್ತದೋ ಅವರೇ ಎಳೀತಾರ," ಎಂದ. "ಅವರಿಗೇನು ಕೈ ಇಲ್ಲೇನು?"

ಇಷ್ಟು ಸರಳವಾದದ್ದು ನನಗೇಕೆ ಹೊಳೆಯಲಿಲ್ಲ ಎಂದು ಈಗಲೂ ಆಶ್ಚರ್ಯಪಡುತ್ತೇನೆ. ಇನ್ನೊಂದು ವಿಷಯವೂ ನನ್ನನ್ನು ಕಾಡುತ್ತದೆ. ದೇವರು ಮೊದಲ ಕೆಲಸವನ್ನು ತಿರುಗಿ ಕೊಡುವಾಗ ನಡುವಿನ ಕಾಲದಲ್ಲಿ ನಡೆದದ್ದನ್ನು ಏನು ಮಾಡುತ್ತಾನೆ? ಒರೆಸಿ ಹಾಕುತ್ತಾನೆಯೇ? ಅಪ್ಪನ ಕೈಗೆ ಎಲುಬಿನ ದಾರಿ ಗೊತ್ತಾದದ್ದು ಸತ್ತ ದನಗಳಿಂದ. ಬದುಕಿರುವ ದನವನ್ನು ಎಬ್ಬಿಸಿದ್ದು ಅದೇ ಕೈ. ಸಾವಿನಿಂದ ಎದ್ದು ಬಂದ ಯೇಸುವಿನ ಅಂಗೈಯಲ್ಲೂ ಮೊಳೆಯ ಗಾಯ ಹಾಗೆಯೇ ಇತ್ತು ಎಂದು ನಾವು ನಂಬುತ್ತೇವೆ. ಇವೆರಡನ್ನೂ ಒಟ್ಟಿಗಿಟ್ಟು ಎಷ್ಟೋ ಸಲ ನೋಡಿದ್ದೇನೆ. ಪೂರ್ತಿ ತಿಳಿದಿದೆ ಎಂದು ಹೇಳಲಾರೆ.

ಹೈದರಾಬಾದಿಗೆ ತಡವಾಗಿ ಹೋದದ್ದರಿಂದ ಓಣಿಯವರಿದ್ದ ಕಡೆ ನಮಗೆ ಜಾಗ ಸಿಗಲಿಲ್ಲ. ಗುರುತಿಲ್ಲದವರ ನಡುವೆ ಇಟ್ಟಿಗೆ ಹೊತ್ತೆವು. ಅವ್ವ ಅದನ್ನು ಆಡಿ ತೋರಿಸದ ದಿನವಿರಲಿಲ್ಲ. ಮಳೆ ಬಿದ್ದ ಮೇಲೆ ತಿರುಗಿ ಬಂದೆವು. ಆಯಿಗೆ ನೀರು ತಪ್ಪಿರಲಿಲ್ಲ. ಕೆಂಪು ಹಸು ಸಾವುಕಾರರ ಗೂಟದಲ್ಲಿ ಇತ್ತು. ಅಪ್ಪ ಬೆನ್ನು ಸವರಲು ಹೋದರೆ ಜಾಡಿಸಿ ಒದೆಯಿತು. "ಉಪಕಾರ ಗೊತ್ತಿಲ್ಲದ ದನ," ಎಂದು ಅವ್ವ ನಗುತ್ತ ಕೂತುಬಿಟ್ಟಳು.

ಕೆಲವು ದಿನಗಳ ನಂತರ ಅದೇ ಆಳು ಮತ್ತೆ ಬಾಗಿಲಿಗೆ ಬಂದ. "ಸಾವ್ಕಾರ್ರು ಕರದಾರ. ಹಗ್ಗ ತಗೊಂಡ್ ಬಾ ಅಂದಾರ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಯಾವದ್ ಸತ್ತದ?" ಎಂದ ಅಪ್ಪ, ಕೂತಲ್ಲಿಂದಲೇ.

"ಸತ್ತಿಲ್ಲೋ ಮಾರಾಯ. ಎಮ್ಮಿ ಈಯ್ಲತ್ತದ, ಕರು ಅಡ್ಡ ಬಂದದ. ಜಲ್ದಿ ನಡಿ."

ಅಪ್ಪ ಗೂಟದ ಹಗ್ಗ ಎಳೆದುಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಆ ಹಗ್ಗ ಹಿಡಿದು ಅವನು ಓಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.