ರಿವರ್ಸ್ ಝೋನೂ ಸರೋಜಾಬಾಯಾರ ಹಾಡೂ

ಹೋದ ವಾರ ಕಾಲೇಜಿನ ಲೈಬ್ರರಿ ಬಾಯಾರು ಒಂದ ದಿನದ ಮಟ್ಟಿಗೆ ಕಳ್ಳಿ ಆದ್ರು. ಮಾಡಿದವ ನಾನ. (ಪುಟ ತಿರುವಬ್ಯಾಡ್ರಿ, ಪೂರ್ತಿ ಕೇಳ್ರಿ.)

ಮಾಳಮಡ್ಡಿ ಓಣ್ಯಾಗ ನಮ್ಮ ಮನಿ ಮ್ಯಾಲೆ ಇರೂ ಮಾಮಾ ಎಂಜಿನಿಯರಿಂಗ್ ಕಾಲೇಜಿನ ನೆಟ್‌ವರ್ಕ್ ನೋಡ್ಕೋತಾನ. ಒಂಬತ್ತ ಬಿಲ್ಡಿಂಗು, ಸಾವಿರ ಕಂಪ್ಯೂಟರು. ಸೂಟಿಯಾಗ ಅವನ ಸ್ಕೂಟರ್ ಹಿಂದ ಕುಂತ ನಾನೂ ಹೋಗಾಕತ್ತೇನಿ. ಓಣ್ಯಾಗ ಮಾತ್ರ "ನಾನೂ ಮಾಮಾನೂ ನಡಸ್ತೇವಿ" ಅಂತ ಹೇಳೇನಿ.

ಪ್ರತಿ ಕಂಪ್ಯೂಟರಿಗೂ ಒಂದ ನಂಬರ್. ಕಾಲೇಜ್ ಗೇಟ್ ದಾಟಿದ್ರ ಆ ನಂಬರನ್ನ ನಾಯಿನೂ ಮೂಸಂಗಿಲ್ಲ, ಒಳಗ ಅಷ್ಟ ಅದರ ದರಬಾರು. ನಂಬರ್ ಕೊಟ್ರ ಹೆಸರ ಹೇಳೂದಕ್ಕ ರಿವರ್ಸ್ ಡಿಎನ್‌ಎಸ್ ಅಂತಾರ. ಮಾಮಾ ಸಾವಿರ ಹೆಸರನ್ನೂ ಒಂದ ಫೈಲಿನಾಗ ತುರುಕಿದ್ದ.

"ಮಹಡಿಗೊಂದ ಬ್ಯಾರೆ ಫೈಲು, ಅಂದ್ರ ಝೋನ್, ಮಾಡೂಣು. ನಾ ಮಾಡ್ತೇನಿ, ನೀ ಚಾ ಕುಡಿ," ಅಂದೆ.

"ಉಲ್ಟಾ ಬರೀಬೇಕು, ನೆನಪಿರಲಿ," ಅಂದ ಮಾಮಾ.

ಹೌದ್ರಿ. ನಂಬರಿನಾಗ ಮದಲ ಬಿಲ್ಡಿಂಗ್, ಆಮ್ಯಾಲೆ ಮಹಡಿ. ಝೋನಿನ ಹೆಸರಿನಾಗ ಮದಲ ಮಹಡಿ, ಆಮ್ಯಾಲೆ ಬಿಲ್ಡಿಂಗ್. ಲಕೋಟಿ ಮ್ಯಾಲೆ ಮದಲ ಮನಿ, ಆಮ್ಯಾಲೆ ಊರ ಬರೀತೇವಲ್ಲ, ಹಂಗ. ಇದೇನ ಬ್ರಹ್ಮವಿದ್ಯಾನ?

ಮೂರ ದಿನದಾಗ ಇಪ್ಪತ್ತ ಝೋನ್! ಹೆಮ್ಮಿಗೆ ಅಂಗಿ ಗುಂಡಿ ಎರಡ ಹಾರಿದ್ವು. (ಖರೇ ಅಂದ್ರ ಒಂದ. ಅದೂ ಮದಲ ಸಡ್ಲ ಇತ್ತು.)

ಅಷ್ಟರಾಗ ಪ್ರಿನ್ಸಿಪಾಲ್ರು ಗುಡುಗಿದ್ರು: "ನೆಟ್ ಆಮಿ ಗತೆ ನಡೀಲಿಕ್ಕತ್ತದ. ಹಾಡ ಇಳಿಸ್ಕೊಳ್ಳೋರು ಯಾರು? ರಿಪೋರ್ಟ್ ಕೊಡ್ರಿ."

ರಿಪೋರ್ಟ್ ತಗದ್ವಿ; ನಂಬರ್ ಇದ್ದಲ್ಲಿ ನನ್ನ ಝೋನಿನ ಹೆಸರ ಅಚ್ಚಾಗಿ ಬಂದ್ವು. ಎಲ್ಲಾರಕಿಂತ ಮ್ಯಾಲೆ ಯಾರ ಹೆಸರ? ಲೈಬ್ರರಿ ಕಂಪ್ಯೂಟರಿಂದು. ಅಂದ್ರ ಸರೋಜಾಬಾಯಾರದು! ಮೌಸ್ ಮುಟ್ಟೂಕಿಂತ ಮದಲ ಸೆರಗಿಗೆ ಕೈ ಒರಸ್ಕೊಳ್ಳೋ ಬಾಯಾರು!

"ನಾಳೆ ಆ ಕಂಪ್ಯೂಟರ್ ತಗಿಸ್ರಿ," ಅಂದ್ರು ಪ್ರಿನ್ಸಿಪಾಲ್ರು.

ಲೈಬ್ರರಿಗೆ ಓಡಿದೆ. ಎರಡ ವರ್ಷ ಒಂದ ಬೆರಳಿನಾಗ ಕುಟ್ಟಿ ಕಂಪ್ಯೂಟರಿಗೆ ಹಾಕಿದ್ದ ಪುಸ್ತಕದ ಪಟ್ಟಿನ್ನ ಬಾಯಾರು ನೋಡ್ಕೋತ ರಜಿಸ್ಟರಿನಾಗ ಇಳಸಾಕತ್ತಿದ್ರು. ನಾಳೆ ಕಂಪ್ಯೂಟರಿನ ಪರದೇನ ಇರಂಗಿಲ್ಲಲ್ಲ! ಎಂಟ ಸಾವಿರ ಪುಸ್ತಕ. ಮುಗದಿದ್ದು ನಾಲ್ಕ ಹಾಳಿ.

"ಹಾಡ ಕೇಳಾಕ ಇದಕ್ಕ ಸ್ಪೀಕರ್ ಅರ ಎಲ್ಲೈತೋ ತಮ್ಮಾ?" ಅಂದ್ರು. ಬೈಲಿಲ್ಲ. ಬೈದಿದ್ರ ಛಲೋ ಇತ್ತು.

ಹೋಗಿ ಫೈಲ್ ತಗದ ನೋಡಿದೆ. ಲೈಬ್ರರಿ ಎರಡನೇ ಬಿಲ್ಡಿಂಗ್, ಮೂರನೇ ಮಹಡಿ. ಅದೊಂದ ಝೋನ್ ಮಾತ್ರ ಸೀದಾ ಬರದಿದ್ದೆ! ಹಿಂಗಾಗಿ ಬಾಯಾರ ಹೆಸರು ಮೂರನೇ ಬಿಲ್ಡಿಂಗಿನ ಎರಡನೇ ಮಹಡಿ ನಂಬರಿಗೆ ಹೋಗಿ ಅಂಟಿತ್ತು. ಆ ಮಹಡಿ ಝೋನ್ ನಾ ಇನ್ನೂ ಮಾಡಿದ್ದಿಲ್ಲ, ಅದಕ್ಕ ಎರಡ ಹೆಸರ ಡಿಕ್ಕಿ ಹೊಡದ ತಪ್ಪ ಸಿಕ್ಕಿದ್ದಿಲ್ಲ.

ಅಲ್ಲಿ ಇರೂದು ಒಂದೇ ಒಂದ ಖೋಲಿ. ಪ್ರಿನ್ಸಿಪಾಲ್ರದು.

ಸುಮ್ಮನ ತಿದ್ದಿ ಕುಂದರಬಹುದಿತ್ತು. ಆದ್ರ ಕಂಪ್ಯೂಟರ್ ಹೊತಗೊಂಡ ಹೋಗೂ ಆಳ ಫೈಲ್ ತಿದ್ದಿದ್ದ ನೋಡಿ ನಿಂದರ್ತಾನೇನು? ಮಾಮಾನ ಮುಂದ ಒದರಿಬಿಟ್ಟೆ. ಅಂವ ನೆತ್ತಿಗೊಂದ ಕೊಟ್ಟು, ಕೈ ಹಿಡದ ಪ್ರಿನ್ಸಿಪಾಲ್ರ ಕಡೆ ಎಳಕೊಂಡ ಹೋದ.

"ತಪ್ಪ ನಂದರಿ ಸರ್. ಆ ನಂಬರ್... ನಿಮ್ಮ ಖೋಲಿದರಿ," ಅಂದೆ.

ಪ್ರಿನ್ಸಿಪಾಲ್ರು ಕನ್ನಡಕ ಒರಸ್ಕೋತ, "ಲೈಬ್ರರಿ ಕಂಪ್ಯೂಟರ್ ಅಲ್ಲೇ ಇರಲಿ. ರಿಪೋರ್ಟ್ ಇಲ್ಲಿ ಕೊಡ್ರಿ," ಅಂದ್ರು.

ಬಾಯಾರಿಗೆ ಹೋಗಿ ಎಲ್ಲಾ ಹೇಳಿ, ಕಿವಿ ಹಿಡಕೊಂಡ ನಿಂತೆ. ಅವರು ರಜಿಸ್ಟರ್ ಮುಚ್ಚಿದ್ರು. ಆಕಡೆ ಈಕಡೆ ನೋಡಿ ಸಣ್ಣ ದನಿಲೆ ಕೇಳಿದ್ರು:

"ಅದಿರ್ಲಿ ತಮ್ಮಾ, ಅವರು ಯಾವ್ಯಾವ ಹಾಡ ಇಳಿಸ್ಕೊಂಡಾರ ಅಂತ ಆ ರಿಪೋರ್ಟಿನಾಗ ಬರ್ತದೇನೋ?"